ಲಕ್ಕಮ್ಮ ಹಿಂದಕ್ಕೆ ಕಳಿಸಿದ ಅಕ್ಕಿ

ಆಯ್ದಕ್ಕಿ ಲಕ್ಕಮ್ಮನನ್ನು ನಮ್ಮವರು ಹೊಗಳುವಷ್ಟು ಓದುವುದಿಲ್ಲ ಎಂಬುದು ನನ್ನ ಬಹಳ ದಿನದ ತಕರಾರು. ಓದುವುದಕ್ಕೇನೂ ದೊಡ್ಡ ಶ್ರಮವಿಲ್ಲ. ಅವಳ ವಚನ ಸಿಕ್ಕಿರುವುದೇ ಇಪ್ಪತ್ತೈದರ ಆಸುಪಾಸು. ಮಧ್ಯಾಹ್ನ ಭಾಂಡೆ ತಿಕ್ಕಿಟ್ಟು, ಮಕ್ಕಳು ಶಾಲೆಯಿಂದ ಬರುವುದರೊಳಗೆ ಎಲ್ಲವನ್ನೂ ಒಮ್ಮೆ ಓದಿ ಮುಗಿಸಬಹುದು. 1993ರಲ್ಲಿ ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟಗಳಲ್ಲಿ ಐದನೆಯದು ಪೂರ್ತಿ ಶಿವಶರಣೆಯರದ್ದು, ವೀರಣ್ಣ ರಾಜೂರ ಅವರು ಸಂಪಾದಿಸಿದ್ದು. ನಮ್ಮ ಕಡೆಯ ಗ್ರಂಥಾಲಯಗಳಲ್ಲಿ ಹದಿನೈದೂ ಸಂಪುಟಗಳು ಸಾಲಾಗಿ ನಿಂತಿರುತ್ತವೆ. ಐದನೆಯದನ್ನು ತೆಗೆದು ನೋಡಿ, ಪುಟಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ.

ನಾನಿರುವುದು ಹುಡಗಿಯಲ್ಲಿ, ಹುಮನಾಬಾದಿನ ಮಗ್ಗುಲಲ್ಲಿ. (ತರಬೇತಿಗೆಂದು ಬೆಂಗಳೂರಿಗೆ ಹೋದಾಗ ಯಾರಾದರೂ ಊರು ಕೇಳಿ, ನಾನು ಹೇಳಿದರೆ, ಮೊದಲು ಅವರು ನಗುತ್ತಾರೆ, ಆಮೇಲೆ ನಾನು ಕಾಗುಣಿತ ಬಿಡಿಸಿ ಹೇಳುತ್ತೇನೆ. ಇದು ಮೂವತ್ತು ವರ್ಷದ ವಾಡಿಕೆ.) ಇಲ್ಲಿಂದ ಬಸವಕಲ್ಯಾಣ ದೂರವಲ್ಲ. ಅಲ್ಲಿ ನುಲಿಯ ಚಂದಯ್ಯನ ಗವಿ ಇದೆ, ಅಕ್ಕನಾಗಮ್ಮನ ಗವಿ ಇದೆ. ಕಾಶ್ಮೀರದ ಅರಸುತನ ಬಿಟ್ಟು ಬಂದು ಕಟ್ಟಿಗೆ ಹೊರೆ ಮಾರಿದನೆಂದು ಐತಿಹ್ಯ ಹೇಳುವ ಮೋಳಿಗೆಯ ಮಾರಯ್ಯನ ಮೋಳಕೇರಾ ನಮ್ಮ ತಾಲೂಕಿನದೇ. ಹೀಗಾಗಿ ಕೆಲಸದ ಬಗ್ಗೆ ಯಾರಾದರೂ ಭಾಷಣ ಮಾಡಬೇಕಾದರೆ ನಮ್ಮಲ್ಲಿ ಸಾಮಗ್ರಿಗೆ ಬರವಿಲ್ಲ. ಶಾಲೆಯ ಗೋಡೆ, ಬಸ್ ನಿಲ್ದಾಣ, ಕಚೇರಿಯ ಬಾಗಿಲು, ಎಲ್ಲಿ ನೋಡಿದರೂ ಕಾಯಕವನ್ನೂ ಕೈಲಾಸವನ್ನೂ ಕೂಡಿಸಿದ ಆ ಮಾತು ಬಣ್ಣದಲ್ಲಿ ಬರೆದಿರುತ್ತದೆ. ಅದರ ಕೆಳಗೆ ಕುರ್ಚಿ ಖಾಲಿ ಇರುವುದೂ ಉಂಟು, ಅದು ಬೇರೆ ಮಾತು.

ಲಕ್ಕಮ್ಮನ ಕಥೆ ನಿಮಗೆ ಗೊತ್ತೇ ಇದೆ. ರಾಯಚೂರು ಸೀಮೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಗಂಡ ಹೆಂಡತಿ ಕಲ್ಯಾಣಕ್ಕೆ ಬಂದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಆ ಅಕ್ಕಿಯಲ್ಲಿ ಜಂಗಮರಿಗೆ ಉಣಬಡಿಸಿ ತಾವು ಉಣ್ಣುವುದು ಇಬ್ಬರ ವ್ರತ. ಒಂದು ದಿನ ಮಾರಯ್ಯ ದಿನದ ಲೆಕ್ಕಕ್ಕಿಂತ ಹೆಚ್ಚು ತಂದ. ಲಕ್ಕಮ್ಮ ನೋಡಿದಳು, ಇದನ್ನು ತಂದಲ್ಲಿಯೇ ಸುರಿದು ಬಾ ಎಂದಳು. ಸಭೆಗಳಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. ದುರಾಸೆ ಪಡಬಾರದು ಎಂದು ಹೇಳಿ ಭಾಷಣಕಾರರು ಶಾಲು ಸರಿಮಾಡಿಕೊಳ್ಳುತ್ತಾರೆ. ಕೇಳುತ್ತ ಕುಳಿತ ನಾವು, ಅಂದರೆ ಸಾಮಾನ್ಯವಾಗಿ ಹೆಂಗಸರು, ಅಂಗನವಾಡಿಯವರು, ಆಶಾದವರು, ನಮ್ಮಂಥ ಅಕ್ಕೋರುಗಳು, ಚಪ್ಪಾಳೆ ತಟ್ಟುತ್ತೇವೆ.

ಆದರೆ ಆ ವಚನವನ್ನು ಪುಸ್ತಕದಲ್ಲಿ ಓದಿ ನೋಡಿ. ಲಕ್ಕಮ್ಮ ಮೊದಲು ಕೇಳುವುದು ಆಸೆಯ ಪ್ರಶ್ನೆಯನ್ನಲ್ಲ. ಈ ಹೆಚ್ಚಿನ ಅಕ್ಕಿ ಬಂದದ್ದು ನಿನ್ನ ಮನಸ್ಸು ಎರಡಾದದ್ದರಿಂದಲೋ, ಅಥವಾ ಬಸವಣ್ಣನ ಮನಸ್ಸಿನಲ್ಲಿ ನಮ್ಮ ಬಗ್ಗೆ ಹುಟ್ಟಿದ ಅನುಮಾನದಿಂದಲೋ ಎಂದು ಕೇಳುತ್ತಾಳೆ. ಮನ ಒಂದಿರಬೇಕಾದಲ್ಲಿ ಎರಡಾಯಿತು ಎನ್ನುವಾಗ ‘ಮನ’ದ ಬೆನ್ನಿಗೆ ಕಾಳು ಅಳೆಯುವ ‘ಮಾನ’ವೂ ನನ್ನ ಕಿವಿಗೆ ಬೀಳುತ್ತದೆ. ಪಾಯಲಿ, ಅಡಿಸೇರಿ ಎಂದು ಅಳೆದು ಕೊಡುವುದನ್ನು ಕಂಡು ಬೆಳೆದವರಿಗೆ ಹಾಗೆ ಕೇಳುವುದು ಸಹಜ. ಈ ಎರಡನೆಯ ಪ್ರಶ್ನೆ, ಬಸವಣ್ಣನ ಅನುಮಾನದ ಪ್ರಶ್ನೆ, ಭಾಷಣಗಳಲ್ಲಿ ಎಂದೂ ಬರುವುದಿಲ್ಲ. ಜನರ ಬಾಯಲ್ಲಿರುವ ಕಥೆಯೊಂದು ಅದನ್ನು ಬಿಡಿಸಿ ಹೇಳುತ್ತದೆ: ದಂಪತಿಯನ್ನು ಪರೀಕ್ಷಿಸಲೆಂದು ಬಸವಣ್ಣನೇ ಅಂದು ಅಕ್ಕಿಯನ್ನು ಬೇಕೆಂದೇ ಹೆಚ್ಚು ಚೆಲ್ಲಿಸಿದ್ದನಂತೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆಯುವ ಕೆಲಸ ಎಂದರೇನು? ನಮ್ಮ ಕಡೆ ಅದಕ್ಕೆ ಹಕ್ಕಲು ಎನ್ನುತ್ತಾರೆ. ಜೋಳ ಕೊಯ್ದು ಸೂಡು ಕಟ್ಟಿ ಹೊತ್ತ ಮೇಲೆ ನೆಲದಲ್ಲಿ ಬಿದ್ದ ತೆನೆಯನ್ನು ಆರಿಸಿಕೊಳ್ಳುವುದು. ನಮ್ಮ ಅಜ್ಜಿ ಹಕ್ಕಲು ಆಯ್ದವಳು. ಹಕ್ಕಲಿಗೊಂದು ರೀತಿ ಇತ್ತು. ಹೊಲದವರ ಕೆಲಸ ಮುಗಿಯುವವರೆಗೆ ಒಳಗೆ ಕಾಲಿಡುವಂತಿಲ್ಲ. ನಿಂತ ದಂಟಿಗೆ ಕೈ ಹಾಕುವಂತಿಲ್ಲ. ಆದರೆ ನೆಲಕ್ಕೆ ಬಿದ್ದದ್ದು ಆಯ್ದವರದು. ಅದನ್ನು ಯಾರೂ ಕೊಟ್ಟದ್ದಲ್ಲ, ಆದ್ದರಿಂದ ಯಾರ ಋಣವೂ ಅಲ್ಲ. ಬಗ್ಗಿ ಬಗ್ಗಿ ಸೊಂಟ ನೋಯಿಸಿಕೊಂಡು ಕಣ್ಣಿನಿಂದ ಹುಡುಕಿ ತೆಗೆದದ್ದು, ಹಾಗಾಗಿ ಅದು ದುಡಿಮೆ. ಅಜ್ಜಿ ತಾನು ಆಯ್ದ ಜೋಳದ ರೊಟ್ಟಿ ತಿನ್ನುವಾಗ ಯಾರಿಗೂ ತಲೆ ಬಗ್ಗಿಸಬೇಕಾಗಿರಲಿಲ್ಲ.

ಈಗ ಹೊಲದ ಗೌಡ ಕರುಣೆಯಿಂದಲೋ, ಪರೀಕ್ಷೆಗೋ ಬೇಕೆಂದೇ ನಾಲ್ಕು ಸೂಡು ಬಿಚ್ಚಿ ಚೆಲ್ಲಿದ ಎನ್ನಿ. ನೋಡುವುದಕ್ಕೆ ಅದೇ ನೆಲ, ಅದೇ ತೆನೆ, ಬಗ್ಗುವ ಸೊಂಟವೂ ಅದೇ. ಆದರೆ ಅದು ಹಕ್ಕಲಲ್ಲ, ಭಿಕ್ಷೆ. ಆಯುವವಳಿಗೆ ತಿಳಿಯದಂತೆ ಅವಳ ಕೆಲಸವನ್ನು ಯಾರೋ ಭಿಕ್ಷೆಯಾಗಿ ಬದಲಾಯಿಸಿಬಿಟ್ಟರು. ಲಕ್ಕಮ್ಮನ ಸಿಟ್ಟು ಇದಕ್ಕೆ ಎಂದು ನನ್ನ ಓದು. ಅವಳು ಅಕ್ಕಿಯನ್ನು ಹಿಂದಕ್ಕೆ ಕಳಿಸಿದ್ದು ಅಕ್ಕಿ ಹೆಚ್ಚಾಯಿತೆಂದಷ್ಟೇ ಅಲ್ಲ, ಅದು ತಮ್ಮ ದುಡಿಮೆಯ ಅಕ್ಕಿಯಲ್ಲ ಎಂದು. ಚೆಲ್ಲಿಸಿದವನು ಸಾಮಾನ್ಯನಲ್ಲ, ಬಿಜ್ಜಳನ ಭಂಡಾರ ನೋಡಿಕೊಳ್ಳುವ ದಂಡನಾಯಕ, ಊರೆಲ್ಲ ಅಣ್ಣ ಎಂದು ಕರೆಯುವವನು. ಅಂಥವನ ಮನಸ್ಸನ್ನೂ ಅನುಮಾನದ ಮನಸ್ಸೇ ಎಂದು ಮನೆಯ ಹೊಸ್ತಿಲಲ್ಲಿ ನಿಂತು ಕೇಳುವ ಬಡ ಹೆಂಗಸನ್ನು ನಾವು ‘ನಿರಾಸೆಯ ಮೂರ್ತಿ’ ಎಂದು ಕರೆದು ಮೂಲೆಯಲ್ಲಿ ಕೂರಿಸಿದ್ದೇವೆ.

ನಮ್ಮ ಬೀದರ ಜಿಲ್ಲೆಯಲ್ಲಿ ಮೆಥೊಡಿಸ್ಟ್ ಸಭೆಯ ಮನೆಗಳು ಬಹಳ. ಹಾಗಾಗಿ ಬೈಬಲ್ಲಿನ ರೂತಳ ಕಥೆ ನಮ್ಮ ಸ್ಟಾಫ್ ರೂಮಿಗೂ ಬಂದದ್ದುಂಟು. ರೂತಳೂ ಹಕ್ಕಲು ಆಯುವವಳೇ. ಗಂಡ ಸತ್ತವಳು, ಪರದೇಶಿ, ಮುದಿ ಅತ್ತೆ ನೊವೊಮಿಯನ್ನು ಸಾಕಬೇಕು. ಬೆತ್ಲೆಹೇಮಿನ ಹೊಲದಲ್ಲಿ ಜವೆಗೋದಿಯ ತೆನೆ ಆಯುತ್ತಾಳೆ. ಹೊಲದ ಯಜಮಾನ ಬೋವಜ ತನ್ನ ಆಳುಗಳನ್ನು ಕರೆದು, ಕಟ್ಟಿನಿಂದ ಒಂದಿಷ್ಟು ಎಳೆದು ಅವಳಿಗಾಗಿ ಬೀಳಿಸಿರಿ, ಗದರಿಸಬೇಡಿ ಎನ್ನುತ್ತಾನೆ. ಬಸವಣ್ಣನ ಕಥೆಯಲ್ಲಿ ಆದದ್ದೇ ಇಲ್ಲಿಯೂ ಆಯಿತು ನೋಡಿ. ಆದರೆ ರೂತಳು ಸಂಜೆಯವರೆಗೆ ಆಯ್ದು, ಬಡಿದು, ಅಳೆದು, ಸಂತೋಷದಿಂದ ಅತ್ತೆಯ ಮುಂದೆ ತಂದಿಡುತ್ತಾಳೆ. ಅವಳನ್ನು ದುರಾಸೆಯವಳೆಂದು ಯಾರೂ ಅನ್ನಲಿಲ್ಲ. ಅನ್ನಲೂಬಾರದು. ಮನೆಯಲ್ಲಿ ಹಸಿದ ಮುದುಕಿ ಕೂತಿದ್ದಾಳೆ.

ಇಬ್ಬರನ್ನೂ ಪಕ್ಕಪಕ್ಕ ಇಟ್ಟಾಗ ಲಕ್ಕಮ್ಮನ ಮಾತಿನ ಎಲ್ಲೆ ನನಗೆ ಕಾಣುತ್ತದೆ. ಸಾಕು ಎನ್ನಬೇಕಾದರೆ ಆ ಹೊತ್ತಿನದು ಕೈಯಲ್ಲಿರಬೇಕು. ಲಕ್ಕಮ್ಮನಿಗೆ ದಿನದ ಅಕ್ಕಿ ಇತ್ತು, ಆದ್ದರಿಂದ ಹೆಚ್ಚಿನದನ್ನು ಬೇಡವೆನ್ನುವ ಸ್ವಾತಂತ್ರ್ಯವೂ ಇತ್ತು. ರೂತಳಿಗೆ ಅದಿರಲಿಲ್ಲ. ಲಕ್ಕಮ್ಮ ಆ ಮಾತನ್ನು ಹೇಳಿದ್ದು ತನ್ನ ಮನೆಗೆ, ತನ್ನ ಗಂಡನಿಗೆ. ಊರ ಬಡವರನ್ನೆಲ್ಲ ಸಾಲಾಗಿ ಕೂರಿಸಿ ಉಪದೇಶ ಮಾಡಲಿಲ್ಲ. ಇನ್ನೊಂದು ವಚನದಲ್ಲಿ ಅವಳು, ಶುದ್ಧ ಚಿತ್ತದಿಂದ ಕಾಯಕ ಮಾಡುವವರಿಗೆ ಬಡತನವೆಂಬುದಿಲ್ಲ, ಲಕ್ಷ್ಮಿ ತಾನಾಗಿಯೇ ಎಲ್ಲೆಡೆ ಇರುತ್ತಾಳೆ ಎಂಬರ್ಥದ ಮಾತು ಹೇಳುತ್ತಾಳೆ. ಇದನ್ನು ಮಾತ್ರ ನಾನು ಒಪ್ಪಲಾರೆ. ಹೆಸರುಕಾಯಿ ಬಿಡಿಸುವ, ತೊಗರಿ ಕೊಯ್ಯುವ, ಸೋಯಾದ ಹೊಲದಲ್ಲಿ ಕಸ ತೆಗೆಯುವ ಹೆಂಗಸರಿಗಿಂತ ಶುದ್ಧ ಚಿತ್ತದವರನ್ನು ನಾನು ಕಂಡಿಲ್ಲ. ಲಕ್ಷ್ಮಿ ಅವರ ಓಣಿಗೆ ಇನ್ನೂ ಬಂದಿಲ್ಲ. ಬಂದದ್ದು ಉದ್ಯೋಗ ಖಾತ್ರಿ. 2024-25ರಲ್ಲಿ ದಿನಕ್ಕೆ 349 ರೂಪಾಯಿ, ಅದೂ ಕೆಲಸ ಸಿಕ್ಕ ದಿನ.

ವಿದ್ವಾಂಸರು ಕಾಯಕವನ್ನು ಮ್ಯಾಕ್ಸ್ ವೇಬರನ ಜೊತೆಗಿಟ್ಟು ನೋಡುವುದುಂಟು. 1904-05ರಲ್ಲಿ ಆ ಜರ್ಮನ್ ಪಂಡಿತ, ಯುರೋಪಿನ ಪ್ರಾಟೆಸ್ಟಂಟರು ದುಡಿಮೆಯನ್ನೇ ದೇವರ ಕರೆ ಎಂದು ತಿಳಿದರು, ದುಡಿದದ್ದನ್ನು ಭೋಗಕ್ಕೆ ಚೆಲ್ಲದೆ ಉಳಿಸಿದರು, ಆ ಉಳಿತಾಯ ಬಂಡವಾಳವಾಯಿತು ಎಂದು ಬರೆದ. ನಮ್ಮಲ್ಲೂ ಅಂಥದೊಂದು ಇತ್ತು ಎಂದು ತೋರಿಸುವ ಹಂಬಲ ಅರ್ಥವಾಗುತ್ತದೆ. ಆದರೆ ಲಕ್ಕಮ್ಮನ ಅಂಗಳಕ್ಕೆ ಬಂದ ಕೂಡಲೇ ಹೋಲಿಕೆ ಕುಸಿಯುತ್ತದೆ. ನಾಳೆಗೆಂದು ಒಂದು ಹಿಡಿ ಅಕ್ಕಿ ಮಡಕೆಯಲ್ಲಿಡಲು ಬಿಡದವಳ ಮನೆಯಲ್ಲಿ ಬಂಡವಾಳ ಎಲ್ಲಿಂದ ಹುಟ್ಟಬೇಕು?

ಇನ್ನು ಗೋಡೆಯ ಮೇಲಿನ ಆ ಮಾತು. ಅದನ್ನು ಬಹಳ ಜನ ಬಸವಣ್ಣನದೆಂದು ತಿಳಿದಿದ್ದಾರೆ. ಅದು ಬರುವುದು ಲಕ್ಕಮ್ಮನ ಗಂಡ ಮಾರಯ್ಯನ ವಚನದಲ್ಲಿ, ಅದೂ ಕೊನೆಗೆ. ಮೊದಲಿನ ಸಾಲುಗಳನ್ನು ಯಾವ ಕಚೇರಿಯೂ ಗೋಡೆಗೆ ಬರೆಸುವುದಿಲ್ಲ. ಬರೆಸಿದರೆ ಸಾಹೇಬರಿಗೇ ಕಷ್ಟ. ಏಕೆಂದರೆ ಮಾರಯ್ಯ ಅಲ್ಲಿ ಹೇಳುವುದು, ಕೆಲಸದಲ್ಲಿ ಮುಳುಗಿದವನು ಗುರು ಎದುರಿಗೆ ಬಂದರೂ ಕಣ್ಣೆತ್ತಿ ನೋಡಬೇಕಿಲ್ಲ, ಲಿಂಗಪೂಜೆ ತಪ್ಪಿದರೂ ಚಿಂತೆಯಿಲ್ಲ, ಜಂಗಮ ಬಂದು ನಿಂತರೂ ಅವನ ಹಂಗಿಗೆ ಬೀಳಬೇಕಿಲ್ಲ ಎಂದು. ಆ ಕಾಲಕ್ಕೆ ಇದಕ್ಕಿಂತ ದೊಡ್ಡ ಅವಿಧೇಯತೆಯ ಮಾತು ಯಾವುದಿದೆ? ಈಗ ಅದರ ತಲೆ ಕತ್ತರಿಸಿ, ಬಾಲವನ್ನು ಮಾತ್ರ ತಂದು, ‘ಬಾಯಿ ಮುಚ್ಚಿಕೊಂಡು ದುಡಿ’ ಎನ್ನುವ ಅರ್ಥದಲ್ಲಿ ತೂಗುಹಾಕಿದ್ದೇವೆ. ನುಲಿಯ ಚಂದಯ್ಯ ಇದನ್ನು ಮಾಡಿಯೇ ತೋರಿಸಿದವನು. ಹಗ್ಗಕ್ಕೆ ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ಬಿದ್ದರೂ ಎತ್ತಿಕೊಳ್ಳದೆ ಹುಲ್ಲು ಹೊತ್ತು ನಡೆದನಂತೆ. ಹಾಗೆಂದು ದುಡಿದು ತಂದದ್ದೆಲ್ಲ ಪವಿತ್ರ ಎಂದೂ ಅವನು ಒಪ್ಪಲಿಲ್ಲ. ಇನ್ನೊಬ್ಬರನ್ನು ನೋಯಿಸಿ, ಕಾಡಿ ತಂದದ್ದು ದೇವರಿಗೆ ಸಲ್ಲದು ಎಂಬುದು ಅವನ ಖಚಿತ ಮಾತು.

15ನೇ ಶತಮಾನದಲ್ಲಿ ರೂಪುಗೊಂಡ ಶೂನ್ಯಸಂಪಾದನೆಯಲ್ಲಿ ಲಕ್ಕಮ್ಮನದೊಂದು ಸೊಗಸಾದ ಸಂದರ್ಭವಿದೆ. ಮಾರಯ್ಯ ಶರಣರ ಜೊತೆ ಅನುಭಾವದ ಮಾತಿನಲ್ಲಿ ಮೈಮರೆತು ಕೂತಿದ್ದಾನೆ. ಲಕ್ಕಮ್ಮ ಬಂದು, ಅಲ್ಲಿ ಕಾಯಕ ನಿಂತುಹೋಗಿದೆ, ಏಳು ಎನ್ನುತ್ತಾಳೆ. ಓದುವಾಗೆಲ್ಲ ನನಗೆ ನಗು ಬರುತ್ತದೆ. ಕಟ್ಟೆಯ ಮೇಲೆ ಜ್ಞಾನದ ಮಾತಾಡುತ್ತ ಕೂತ ಗಂಡನನ್ನು ಎಬ್ಬಿಸಿ ಕಳಿಸದ ಹೆಂಡತಿ ನಮ್ಮ ಓಣಿಯಲ್ಲಿ ಯಾರಿದ್ದಾರೆ! ಆದರೆ ನಗು ಮುಗಿದ ಮೇಲೆ ಇನ್ನೊಂದು ಪ್ರಶ್ನೆ ಏಳುತ್ತದೆ. ಅಕ್ಕಿ ಆಯುವುದು ಕಾಯಕ ಸರಿ. ಆ ಅಕ್ಕಿಯ ಕಲ್ಲು ತೆಗೆದು, ತೊಳೆದು, ನೀರು ತಂದು, ಕಟ್ಟಿಗೆ ಊದಿ ಅನ್ನ ಮಾಡಿದ್ದು? ಪುರಾಣದ ಲೆಕ್ಕದಲ್ಲಿ ಕಲ್ಯಾಣದಲ್ಲಿದ್ದ ಜಂಗಮರು ಒಂದು ಲಕ್ಷ ತೊಂಬತ್ತಾರು ಸಾವಿರ. ಲಕ್ಕಮ್ಮನ ಮನೆಗೆ ಎಲ್ಲರೂ ಊಟಕ್ಕೆ ಬಂದರೆಂದು ಕಥೆ. ಪವಾಡದಿಂದ ಅಕ್ಕಿ ಹೆಚ್ಚಿತು ಎನ್ನುತ್ತಾರೆ. ಪಾತ್ರೆಗಳೂ ಪವಾಡದಿಂದಲೇ ಬೆಳಗಿದವೇ ಎಂದು ಯಾರೂ ಬರೆದಿಲ್ಲ.

ಶರಣೆಯರ ಹೆಸರುಗಳನ್ನು ನೋಡಿ. ಕದಿರ ರೆಮ್ಮವ್ವೆ ನೂಲುವವಳು, ಕೊಟ್ಟಣದ ಸೋಮವ್ವೆ ಭತ್ತ ಕುಟ್ಟುವವಳು, ಸತ್ಯಕ್ಕ ಅಂಗಳ ಗುಡಿಸುವವಳು. ಹೆಂಗಸು ತನ್ನ ದುಡಿಮೆಯ ಹೆಸರಿನಿಂದ ಕರೆಸಿಕೊಂಡಳಲ್ಲ, ಅದು ಆ ಕಾಲದ ದೊಡ್ಡ ಮಾತು. ಆದರೂ ನಾನು ಓದಿದ ಸಂಪುಟದಲ್ಲಿ ತನ್ನ ಮನೆಯ ಅಡುಗೆಯನ್ನೇ ಕಾಯಕವೆಂದು ಹೆಸರಿಗೆ ಕಟ್ಟಿಕೊಂಡವಳು ಸಿಗಲಿಲ್ಲ. ಕಲ್ಯಾಣದಲ್ಲೂ ಅದು ಲೆಕ್ಕದ ಆಚೆಗೇ ಉಳಿಯಿತೆಂದು ಕಾಣುತ್ತದೆ. ಇಂದಿನ ಲೆಕ್ಕ ಬೇಕಾದರೆ ಇದೆ. 2019ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ಮಾಡಿಸಿತು. ಮನೆಗೆಲಸ ಮಾಡುವ ಹೆಂಗಸು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾಳೆ, ಮಾಡುವ ಗಂಡಸು 97 ನಿಮಿಷ. ಆ ಗಂಡಸರು ಕೂಡ ನೂರಕ್ಕೆ 26 ಮಂದಿ ಮಾತ್ರ. ಬಸ್ಸಿನಲ್ಲಿ ನನ್ನ ಪಕ್ಕ ಕೂಡುವ ಬ್ಯಾಂಕಿನ ಹೆಣ್ಣುಮಗಳಿಗೆ ಈ ಅಂಕಿ ಹೇಳಿದಾಗ, ‘97 ನಿಮಿಷ ಎಲ್ಲೀದು ಅಕ್ಕೋರೆ, ಅದರಾಗ ಚಹಾ ಕುಡಿಯೋದೂ ಹಿಡಿದಾರೇನು?’ ಎಂದಳು.

ಈಗ ಬಿಸಿಯೂಟದ ಮಾತಿಗೆ ಬರುತ್ತೇನೆ, ಇದನ್ನು ಬರೆಯಲು ಕೂತದ್ದೇ ಅದಕ್ಕಾಗಿ. ಶಾಲೆಗಳಲ್ಲಿ ಬಿಸಿಯೂಟ 2002ರಲ್ಲಿ ಮೊದಲು ಶುರುವಾದದ್ದು ನಮ್ಮ ಈಶಾನ್ಯದ ಜಿಲ್ಲೆಗಳಲ್ಲಿ. ಅದಕ್ಕಿಟ್ಟ ಹೆಸರು ಅಕ್ಷರ ದಾಸೋಹ. ಹೆಸರೇನೋ ಚೆಂದ, ನೇರ ಕಲ್ಯಾಣದಿಂದ ಬಂದದ್ದು. ಹಸಿದು ಬಂದ ಮಕ್ಕಳು ಉಂಡು ಪಾಠ ಕೇಳುವುದನ್ನು ಕಂಡವಳು ನಾನು. ಯೋಜನೆಯನ್ನು ಹಗುರಾಗಿ ಮಾತಾಡಲಾರೆ. ಆದರೆ ಅಡುಗೆ ಮಾಡುವ ಹೆಂಗಸರಿಗೆ ಕೊಡುವುದಕ್ಕೆ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. 2022ರಲ್ಲಿ ಸಾವಿರ ರೂಪಾಯಿ ಹೆಚ್ಚಿಸಿದ ಮೇಲೂ ಅದು ತಿಂಗಳಿಗೆ ನಾಲ್ಕು ಸಾವಿರ ಮುಟ್ಟಲಿಲ್ಲ. ಅದಕ್ಕಾಗಿ ಅವರು ಬೆಂಗಳೂರಿಗೆ ಹೋಗಿ ಫ್ರೀಡಂ ಪಾರ್ಕಿನ ಬಿಸಿಲಿನಲ್ಲಿ ಎಷ್ಟೋ ಸಲ ಕೂತು ಬಂದಿದ್ದಾರೆ. ಇಂಥ ಹೊತ್ತಿನಲ್ಲಿ, ಸಭೆಯೊಂದರಲ್ಲಿ, ದೊಡ್ಡವರೊಬ್ಬರು ಲಕ್ಕಮ್ಮನ ಕಥೆ ಹೇಳಿ, ಹೆಚ್ಚು ಕೇಳುವುದು ಶರಣರ ನಾಡಿನ ಹೆಣ್ಣುಮಕ್ಕಳಿಗೆ ಶೋಭಿಸುವುದಿಲ್ಲ ಎಂದರು. ಹೆಸರು ಬೇಡ. ಅಂಥವರು ಎಲ್ಲ ತಾಲೂಕಿನಲ್ಲೂ ಇಬ್ಬರಾದರೂ ಇರುತ್ತಾರೆ.

ಇದು ಬರೀ ಅನ್ಯಾಯವಲ್ಲ, ತಪ್ಪು ಓದು ಕೂಡ. ಲಕ್ಕಮ್ಮ ಬೇಡವೆಂದದ್ದು ದುಡಿಯದೆ ಬಂದದ್ದನ್ನು. ದುಡಿದದ್ದಕ್ಕೆ ಸಲ್ಲಬೇಕಾದದ್ದನ್ನು ಅವಳು ಎಂದೂ ಬಿಟ್ಟುಕೊಡಲಿಲ್ಲ. ದಿನದ ಅಕ್ಕಿಯನ್ನು ಅಂದಂದೇ ಪೂರ್ತಿ ಮನೆಗೆ ತರಿಸಿಕೊಂಡಳು. ಗೌರವಧನ ಎಂಬ ಪದವನ್ನು ಅವಳ ಮುಂದಿಟ್ಟಿದ್ದರೆ ಏನೆನ್ನುತ್ತಿದ್ದಳೋ! ಕೆಲಸವನ್ನು ಕೆಲಸವೆನ್ನದೆ, ಕೂಲಿಯನ್ನು ಕೂಲಿಯೆನ್ನದೆ, ಕೊಟ್ಟದ್ದನ್ನು ದಯೆಯೆಂದು ತೋರಿಸುವುದು ಬೇಕೆಂದೇ ಅಕ್ಕಿ ಚೆಲ್ಲುವುದರ ಜಾತಿಯದೇ. ಸಭೆ ಮುಗಿದ ಮೇಲೆ ಅಡುಗೆಯ ಅಕ್ಕ ಒಬ್ಬಳು ನನಗೆ ಹೇಳಿದ್ದು: ‘ಮಂದಿ ಮಕ್ಳು ಉಂಡು ತಾಟ ತೊಳಿಯೋದು ನೋಡಿದ್ರ ಹೊಟ್ಟಿ ತಂಪಾಗ್ತದ್ರಿ ಅಕ್ಕೋರೆ, ಸುಳ್ಳ್ಯಾಕ ಹೇಳ್ಲಿ. ಆದ್ರ ಆ ತಂಪಿಗಿ ನಮ್ಮನ್ಯಾಗ ಒಲಿ ಹತ್ತಲ್ಲ.’

ಜನ ಯಾಕೆ ಕೆಲಸ ಮಾಡುತ್ತಾರೆ ಎಂಬುದಕ್ಕೆ ಅವಳ ಈ ಎರಡು ಮಾತಿನಲ್ಲಿ ಇರುವಷ್ಟು ನನಗೆ ದೊಡ್ಡ ಪುಸ್ತಕಗಳಲ್ಲಿ ಸಿಕ್ಕಿಲ್ಲ. ಹೊಟ್ಟೆಗಾಗಿ ಎಂದಷ್ಟೇ ಹೇಳಿದರೆ ಅವಳ ಹೊಟ್ಟೆ ತಂಪಾಗುವುದು ಲೆಕ್ಕಕ್ಕೆ ಬರುವುದಿಲ್ಲ. ಸೇವೆಗಾಗಿ ಎಂದರೆ ಅವಳ ಒಲೆ ಕಾಣುವುದಿಲ್ಲ. ವಿಜಯಪುರದಲ್ಲಿ ವಕೀಲಿ ಮಾಡಿದ ಫ.ಗು. ಹಳಕಟ್ಟಿಯವರು ಗಳಿಸಿದ್ದನ್ನೆಲ್ಲ ವಚನದ ಓಲೆಗರಿಗಳಿಗೆ ಸುರಿದರು, 1923ರಲ್ಲಿ ವಚನಶಾಸ್ತ್ರಸಾರ ತಂದರು, ಆಮೇಲೆ ಸ್ವಂತ ಮುದ್ರಣಾಲಯ ಹಾಕಿದರು. ಅವರು ಹಾಗೆ ದುಡಿಯದಿದ್ದರೆ ಇಂದು ಲಕ್ಕಮ್ಮ ನಮಗೆಷ್ಟು ಸಿಗುತ್ತಿದ್ದಳೋ. ಅದೂ ಕೆಲಸವೇ, ಕೂಲಿ ಬಾರದ ಕೆಲಸ. ಆದರೆ ಅದನ್ನು ಅವರು ತಾವಾಗಿ ಆರಿಸಿಕೊಂಡರು. ಕೂಲಿ ಬೇಡವೆನ್ನುವ ಹಕ್ಕು ದುಡಿಯುವವರದು. ದುಡಿಸಿಕೊಳ್ಳುವವರದಲ್ಲ.

ಸಂಪುಟದಲ್ಲಿ ಒಂದೊಂದೇ ವಚನ ಉಳಿದವರೂ ಇದ್ದಾರೆ. ಕೊಟ್ಟಣದ ಸೋಮವ್ವೆ ಅಂಥವಳು. ಹದ ನೋಡದೆ ಕುಟ್ಟಿದರೆ ಕೈಗೆ ಬರುವುದು ನುಚ್ಚು, ಅಕ್ಕಿಯಲ್ಲ ಎಂಬ ಕಸುಬಿನ ತಿಳಿವಳಿಕೆಯಿಂದಲೇ ಅವಳು ವ್ರತದ ಮಾತು ಹೇಳುತ್ತಾಳೆ. ಒರಳ ಮುಂದೆ ನಿಲ್ಲದವರ ಬಾಯಲ್ಲಿ ಆ ಉಪಮೆ ಹುಟ್ಟುವುದಿಲ್ಲ. ಸೂಳೆ ಸಂಕವ್ವೆಯದೂ ಒಂದೇ ವಚನ. ಒಬ್ಬರಿಂದ ಒತ್ತೆಯ ಹಣ ಹಿಡಿದ ಮೇಲೆ ಇನ್ನೊಬ್ಬರ ಹಣ ಮುಟ್ಟೆನೆಂಬುದು ಅವಳ ಮಾತಿನ ತಿರುಳು. ಪಠ್ಯಪುಸ್ತಕದವರು ಅವಳ ಹತ್ತಿರ ಸುಳಿಯುವುದಿಲ್ಲ. ನಾನೂ ಒಂಬತ್ತನೆಯ ತರಗತಿಯಲ್ಲಿ ಅದನ್ನು ಎತ್ತಲಾರೆ. ಆದರೆ ಒಪ್ಪಿಕೊಂಡ ಮಾತಿಗೆ ನಿಲ್ಲುವ ವಿಷಯದಲ್ಲಿ ಎಷ್ಟೋ ಗುತ್ತಿಗೆದಾರರಿಗಿಂತ ಅವಳು ಮೇಲು. ಸತ್ಯಕ್ಕನಂತೂ ದಾರಿಯಲ್ಲಿ ಬಿದ್ದ ಚಿನ್ನವನ್ನೂ ಕೈಯಿಂದ ಎತ್ತೆನೆಂದು ಆಣೆ ಇಟ್ಟವಳು. ಗುಡಿಸುವವಳಿಗೆ ಬಿದ್ದದ್ದು ಕಣ್ಣಿಗೆ ಬೀಳುವುದು ಹೆಚ್ಚು, ಆದ್ದರಿಂದ ಆ ಆಣೆಗೆ ತೂಕವೂ ಹೆಚ್ಚು.

ನಾನು ತರಗತಿಯಲ್ಲಿ ಲಕ್ಕಮ್ಮನನ್ನು ಹೇಳುವಾಗ ಮೊದಲು ಮಕ್ಕಳನ್ನು ಕೇಳುತ್ತೇನೆ, ನಿಮ್ಮ ಮನೆಯವರು ಯಾಕೆ ದುಡಿಯುತ್ತಾರೆ ಎಂದು. ಗಂಡುಹುಡುಗರು ರೊಕ್ಕಕ್ಕೆ ಎನ್ನುತ್ತಾರೆ. ಹುಡುಗಿಯರ ಉತ್ತರ ಅಷ್ಟು ಬೇಗ ಬರುವುದಿಲ್ಲ. ಒಮ್ಮೆ ತಾಂಡಾದಿಂದ ಬರುವ ಹುಡುಗಿ, ‘ನಮ್ಮವ್ವ ಹೊಲಕ್ಕ ಹೋದ್ರ ನಗ್ತಾಳ್ರಿ ಟೀಚರ್, ಮನ್ಯಾಗಿದ್ರ ನಗಲ್ಲ’ ಎಂದಳು. ಕೂಲಿಯ ಬಿಸಿಲಿನಲ್ಲಿ ನಾಲ್ಕು ಗೆಳತಿಯರು, ಒಂದಿಷ್ಟು ಹಾಡು, ರೊಟ್ಟಿ ಹಂಚಿಕೊಂಡು ತಿನ್ನುವುದು ಇರುತ್ತದೆ. ಮನೆಯ ನೆರಳಿನಲ್ಲಿ ಅದಿಲ್ಲ. ಹುಮನಾಬಾದಿನ ಬಸ್ಸು ಹಿಡಿದು ಓಡುವ ನನಗೂ ಸಂಬಳದ ಜೊತೆಗೆ ಇಂಥದೊಂದು ಕಾರಣ ಇದ್ದೇ ಇದೆ. ಮೂವತ್ತು ವರ್ಷದಲ್ಲಿ ಅದನ್ನು ಯಾವ ಅರ್ಜಿಯಲ್ಲೂ ಬರೆದಿಲ್ಲ, ಅಷ್ಟೇ.

ಪಾಠ ಮುಗಿದ ಮೇಲೆ ಮಕ್ಕಳು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. ಮಾರಯ್ಯ ಆ ಅಕ್ಕಿ ಒಯ್ದು ಸುರಿದ ಮೇಲೆ ಅದನ್ನು ಯಾರು ತಗೊಂಡರು? ಲಕ್ಕಮ್ಮನ ವಚನದಲ್ಲಿ ಅದಿಲ್ಲ. ಅವಳು ಹೇಳುವುದನ್ನು ಹೇಳಿ ಸುಮ್ಮನಾಗುತ್ತಾಳೆ. ಬಸವಣ್ಣ ಎತ್ತಿಸಿರಬೇಕು ಎಂದು ಒಬ್ಬ, ಬೇರೆ ಬಡವರಿಗೆ ಸಿಕ್ಕಿರಬೇಕು ಎಂದು ಇನ್ನೊಬ್ಬ. ಹಿಂದಿನ ಬೆಂಚಿನಿಂದ ಒಂದು ಸಣ್ಣ ದನಿ, ‘ಗುಬ್ಬಿ ತಿಂದಿರ್ತಾವ್ರಿ’ ಎಂದಿತು. ಎಲ್ಲರೂ ಅದಕ್ಕೇ ಒಪ್ಪಿದರು. ಅಷ್ಟರಲ್ಲಿ ಊಟದ ಗಂಟೆ ಹೊಡೆದು, ತಾಟುಗಳನ್ನು ಎತ್ತಿಕೊಂಡು ಹೊರಗೆ ಓಡಿದರು.